ಗೋಡೆಯ ನಕ್ಷೆಗೂ ಗುಂಟೆಯ ನ್ಯಾಯ ಬೇಕು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನೆಲದ ಅಳತೆ ಬದುಕಿನ ಲೆಕ್ಕ. ಉದ್ದಗಲ 33 ಅಡಿಯಿದ್ದರೆ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಪಹಣಿಯಲ್ಲಿ ಎರಡು ಗುಂಟೆ ಕಮ್ಮಿ ಬಂದರೆ ಯಾರೂ ಸುಮ್ಮನಿರುವುದಿಲ್ಲ. ಇಂಥ ಊರುಗಳ ಮಕ್ಕಳು ದೇಶಗಳ ವಿಸ್ತಾರವನ್ನು ತಪ್ಪಾಗಿ ಮನಸ್ಸಿನಲ್ಲಿಟ್ಟುಕೊಂಡು ಬೆಳೆಯಬಾರದು.

ನಕ್ಷೆಗಾರ ಮರ್ಕೇಟರ್ ರೂಪಿಸಿದ ಪ್ರಪಂಚದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಐಸ್‌ಲ್ಯಾಂಡ್ ಕರ್ನಾಟಕದ ಎರಡು ಪಟ್ಟಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಆದರೆ ಕರ್ನಾಟಕದ ವಿಸ್ತಾರ 1.92 ಲಕ್ಷ ಚದರ ಕಿಲೋಮೀಟರ್, ಐಸ್‌ಲ್ಯಾಂಡಿನದು ಸುಮಾರು 1.03 ಲಕ್ಷ.

ಗೋಳದ ಮೇಲೆ ರೇಖಾಂಶಗಳು ಧ್ರುವದಲ್ಲಿ ಕೂಡುತ್ತವೆ. 1569ರಲ್ಲಿ ಮರ್ಕೇಟರ್ ಅವನ್ನು ಸಮಾನಾಂತರವಾಗಿ ಎಳೆದಾಗ ನೆಲ ಪೂರ್ವ-ಪಶ್ಚಿಮಕ್ಕೆ ಹಿಗ್ಗಿತು. ದಿಕ್ಕು ಕೆಡದಿರಲೆಂದು ಅಷ್ಟೇ ಪ್ರಮಾಣದಲ್ಲಿ ಉತ್ತರ-ದಕ್ಷಿಣಕ್ಕೂ ಹಿಗ್ಗಿಸಿದ. ಹಾಗಾಗಿ 60 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತಾರ ನಾಲ್ಕು ಪಟ್ಟಾಗುತ್ತದೆ. ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ತಾಲ್ಲೂಕುಗಳು ಹಿಗ್ಗುವುದು ನೂರಕ್ಕೆ ಸುಮಾರು ಆರರಷ್ಟು ಮಾತ್ರ.

ಇದರಲ್ಲಿ ಮರ್ಕೇಟರನ ಮೋಸವಿಲ್ಲ. ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ಅವನ ನಕ್ಷೆಯಲ್ಲಿ ಸರಳರೇಖೆ. ನಾವಿಕರಿಗೆ ಬೇಕಾಗಿದ್ದುದು ಅದೇ. ಮೊಬೈಲಿನ ಅನೇಕ ನಕ್ಷೆಗಳು ಇವತ್ತಿಗೂ ಆ ಕ್ರಮವನ್ನೇ ಅನುಸರಿಸುವುದರಿಂದ ಬೀರೂರಿನ ರಸ್ತೆಗಳು ಕೂಡುವ ಕೋನ ಪರದೆಯ ಮೇಲೂ ಸರಿಯಾಗಿರುತ್ತದೆ. ಗೋಳದ ಮೈಯನ್ನು ಏನನ್ನೂ ಕೆಡಿಸದೆ ಚಪ್ಪಟೆ ಮಾಡಲಾಗದೆಂದು ಗಣಿತಜ್ಞ ಗೌಸ್ 1827ರಲ್ಲೇ ಗಣಿತದಿಂದ ತೋರಿಸಿದ. ಬೆಟ್ಟದ ನೆಲವನ್ನು ಕಾಗದಕ್ಕಿಳಿಸುವಾಗಲೂ ನಷ್ಟವುಂಟು: ಸರ್ವೆ ನಕ್ಷೆ ಮಟ್ಟಸ ಅಳತೆಯನ್ನಷ್ಟೇ ಹಿಡಿಯುವುದರಿಂದ, ಕೆಮ್ಮಣ್ಣುಗುಂಡಿಯ ಕಡೆ 20 ಡಿಗ್ರಿಯ ಇಳಿಜಾರಿದ್ದರೆ ಅಲ್ಲಿನ ನೆಲದ ಮೈ ಲೆಕ್ಕಕ್ಕಿಂತ ನೂರಕ್ಕೆ ಆರರಷ್ಟು ಹೆಚ್ಚಿರುತ್ತದೆ.

ನಷ್ಟ ತಪ್ಪದೆಂದ ಮೇಲೆ ಯಾವುದನ್ನು ಉಳಿಸಿಕೊಳ್ಳಬೇಕೆಂಬುದೇ ಪ್ರಶ್ನೆ. ವಿಸ್ತಾರ ಉಳಿಸುವ ನಕ್ಷೆಗಳಲ್ಲಿ ಆಕಾರ ಕೆಡುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ತರಗತಿಯಲ್ಲಿ ಯಾರೂ ಹಡಗು ನಡೆಸುವುದಿಲ್ಲ. ಅಲ್ಲಿ ಕಾಡು, ಬೆಳೆ, ಜನಸಾಂದ್ರತೆಗಳನ್ನು ದೇಶದಿಂದ ದೇಶಕ್ಕೆ ಹೋಲಿಸಿ ನೋಡುತ್ತಾರೆ. ವಿಸ್ತಾರವೇ ತಪ್ಪಿದರೆ ಆ ಹೋಲಿಕೆಯೂ ತಪ್ಪುತ್ತದೆ. ನಕ್ಷೆಯಲ್ಲಿ ಸಣ್ಣದಾಗಿ ಕಂಡ ಆಫ್ರಿಕಾ ಮಗುವಿನ ಎಣಿಕೆಯಲ್ಲೂ ಸಣ್ಣದಾಗುತ್ತದೆ. ಆಫ್ರಿಕನ್ ಒಕ್ಕೂಟ 2025ರಲ್ಲಿ ಮರ್ಕೇಟರ್ ನಕ್ಷೆ ಬಿಡಬೇಕೆಂಬ ಅಭಿಯಾನವನ್ನು ಬೆಂಬಲಿಸಿದ್ದು ಇದೇ ಕಾರಣಕ್ಕೆ.

2018ರಲ್ಲಿ ರೂಪುಗೊಂಡ ‘ಈಕ್ವಲ್ ಅರ್ಥ್’ ನಕ್ಷೆ ವಿಸ್ತಾರವನ್ನು ಉಳಿಸಿ, ಆಕಾರವನ್ನೂ ಆದಷ್ಟು ಕಾಪಾಡುತ್ತದೆ. ಅದು ನಮ್ಮ ಶಾಲೆಗಳ ಗೋಡೆಗೆ ಬರಲಿ, ಪಕ್ಕದಲ್ಲಿ ಒಂದು ಗೋಳವೂ ಇರಲಿ. ಯಾವ ನಕ್ಷೆ ಕಂಡರೂ ಇದು ಏನನ್ನು ಉಳಿಸಿದೆ, ಏನನ್ನು ಬಿಟ್ಟುಕೊಟ್ಟಿದೆ ಎಂದು ಕೇಳುವುದನ್ನು ಭೂಗೋಳದ ಮೊದಲ ಪಾಠದಲ್ಲೇ ಕಲಿಸಬೇಕು.