ಶಬ್ದವಿಚಾರ: ಮುಗುಳ್ನಗೆ

ನಗೆಗೆ ಭರತನ ನಾಟ್ಯಶಾಸ್ತ್ರವು ಆರು ಭೇದಗಳನ್ನು ಹೇಳುತ್ತದೆ. ಮೊದಲನೆಯದು, ಹಲ್ಲು ಕಾಣಿಸದ ‘ಸ್ಮಿತ’. ಅದೇ ನಮ್ಮ ಮುಗುಳ್ನಗೆ. ಮುಗುಳೆಂದರೆ ಮೊಗ್ಗು, ಎಸಳು ಬಿರಿಯದ ಮೊಗ್ಗಿನಂತೆ ತುಟಿ ತೆರೆಯದ ನಗೆಯೆಂದರ್ಥ. ‘ಸ್ಮಿ’ ಧಾತುವಿನಿಂದ ವಿಸ್ಮಯವೂ ಹುಟ್ಟಿತು. ಆಂಗ್ಲರ ‘ಸ್ಮೈಲ್’ ಸಹ ಅದರ ದಾಯಾದಿಯೇ. ಆದರೆ ಸ್ಮಿತದಲ್ಲಿ ಹೂವಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯುಂಟು. ಮುಗುಳು ಎಂಬುದು ಸಂಸ್ಕೃತ ‘ಮುಕುಲ’ದ ತದ್ಭವವೆಂದು 30 ವರ್ಷ ಪಾಠ ಹೇಳಿದೆನು. ‘ಕನ್ನಡದ್ದೇ ಏಕಾಗಬಾರದು?’ ಎಂದು ಕೇಳಿದ ಹುಡುಗನೊಬ್ಬನನ್ನು ಗದರಿಸಿ ಕುಳ್ಳಿರಿಸಿದೆನು. ತಮಿಳರೂ ಮೊಗ್ಗನ್ನು ‘ಮುಗಿಳ್’ ಎನ್ನುವರು. ಮುಕುಲವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದುದೆಂದು ಭಾಷಾಶಾಸ್ತ್ರಜ್ಞರು ಹಲವರ ಅಭಿಪ್ರಾಯ. ಆ ಹುಡುಗನು ಕುಳಿತುಕೊಳ್ಳುತ್ತ ತುಟಿ ತೆರೆಯದೆ ನಕ್ಕುದು ನನಗೆ ಈಗಲೂ ನೆನಪಿದೆ.