ಅಟ್ಟದ ಮೇಲಿನ ಜಪಾನು

ನವರಾತ್ರಿ ಬಂತೆಂದರೆ ಮೈಸೂರು ಸೀಮೆಯ ಮನೆಗಳಲ್ಲಿ ಟ್ರಂಕುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಮೆಟ್ಟಿಲುಗಳಿಗೆ ಮಡಿಬಟ್ಟೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕುಳ್ಳಿರಿಸಿ, ಕೆಳಗೆ ದೇವರು, ಮದುವೆಯ ದಿಬ್ಬಣ, ಸಂತೆ, ಸೈನ್ಯಗಳ ಒಂದು ಪುಟ್ಟ ಲೋಕವನ್ನೇ ಹೂಡುವುದು ನಮ್ಮ ಗೃಹಿಣಿಯರು ತಲೆಮಾರುಗಳಿಂದ ಸಾಧಿಸಿಕೊಂಡು ಬಂದ ಕಲೆ. ಬಸವನಗುಡಿ, ಜಯನಗರಗಳ ಕೆಲವು ಮನೆಗಳಲ್ಲಿ ಈ ಲೋಕದ ಒಂದು ಮೂಲೆಯಲ್ಲಿ ಪರದೇಶದ ಹೆಣ್ಣೊಬ್ಬಳೂ ನಿಂತಿರುವುದುಂಟು. ಮೈಮೇಲೆ ಕಿಮೋನೋ, ಕೈಯಲ್ಲಿ ಛತ್ರಿ, ಪಿಂಗಾಣಿಯ ಬಿಳಿಯ ಮುಖ. ಅಡಿಯಲ್ಲಿ ನೋಡಿದರೆ ಜಪಾನಿನ ಮುದ್ರೆ.

ಮೆಟ್ಟಿಲ ಮೇಲೆ ನಿಲ್ಲುವುದು ಆಕೆಗೆ ಹೊಸತಲ್ಲ. ಆಕೆಯ ತವರಿನಲ್ಲಿಯೂ ಮಾರ್ಚ್ 3ರಂದು ಹೆಣ್ಣುಮಕ್ಕಳ ಹಬ್ಬ ನಡೆಯುತ್ತದೆ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ತುದಿಯಲ್ಲಿ ಸಾಮ್ರಾಟ, ಸಾಮ್ರಾಜ್ಞಿಯರನ್ನು ಕುಳ್ಳಿರಿಸಿ ಕೆಳಗೆ ಪರಿವಾರವನ್ನು ಜೋಡಿಸುತ್ತಾರೆ. ಆದರೆ ಆಕೆಯನ್ನು ಇಲ್ಲಿಗೆ ಕರೆತಂದುದು ಹಬ್ಬವಲ್ಲ, ಯುದ್ಧ. 1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿದಾಗ ಲೋಕಕ್ಕೆಲ್ಲ ಆಟದ ಸಾಮಾನನ್ನು ಒದಗಿಸುತ್ತಿದ್ದ ಜರ್ಮನಿಯ ವ್ಯಾಪಾರ ನಿಂತಿತು. ಆ ತೆರವನ್ನು ಜಪಾನು ತುಂಬಿತು. ಪಿಂಗಾಣಿಯ ಜೊತೆಗೆ ಸೆಲ್ಯುಲಾಯ್ಡ್ ಗೊಂಬೆಗಳೂ ಹಡಗು ಹತ್ತಿದವು. ಸೆಲ್ಯುಲಾಯ್ಡಿಗೆ ಬೇಕಾದುದು ಕರ್ಪೂರ. ಕರ್ಪೂರದ ಕಾಡುಗಳಿದ್ದ ತೈವಾನ್ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ಅಗ್ಗದ ಮಾಲು ಎಂಬ ತಾತ್ಸಾರವನ್ನು ಹೊತ್ತುಕೊಂಡೇ ಅವು ಬಂದವು.

ಇಂದು ಆ ತಾತ್ಸಾರ ತಿರುವುಮುರುವಾಗಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳಿ, ಅವುಗಳ ನಿವೇಶನಗಳಲ್ಲಿ ಬಹುಮಹಡಿಗಳು ಏಳುತ್ತಿವೆ. ಅಟ್ಟವಿಲ್ಲದ ಮನೆಯಲ್ಲಿ ಟ್ರಂಕಿಗೆ ಜಾಗವೆಲ್ಲಿ? ಅದು ಗುಜರಿಗೆ ಹೋಗುತ್ತದೆ. ಅಲ್ಲಿಂದ ಹಳೆಯ ವಸ್ತುಗಳ ಅಂಗಡಿಯ ಗಾಜಿನ ಕಪಾಟಿಗೆ. ಅಲ್ಲಿಂದ ಸಂಗ್ರಾಹಕನ ಕೈಗೆ. ಆತನ ಶಾಸ್ತ್ರ ಕುತೂಹಲಕರವಾದುದು. ಅಮೆರಿಕದ ಸುಂಕದ ಕಾನೂನಿನಿಂದಾಗಿ ಆ ದೇಶಕ್ಕೆ ಹೋಗುವ ಸಾಮಾನಿನ ಮೇಲೆ 1891ರಿಂದ ‘ನಿಪ್ಪಾನ್’ ಎಂದೂ, 1921ರಿಂದ ‘ಜಪಾನ್’ ಎಂದೂ ಮುದ್ರೆ ಬೀಳತೊಡಗಿತು. ಎರಡನೆಯ ಮಹಾಯುದ್ಧದ ತರುವಾಯ 1952ರವರೆಗೆ ‘ಆಕ್ರಮಿತ ಜಪಾನ್’ ಎಂಬ ಮುದ್ರೆಯೂ ಉಂಟು. ಸೋತ ನಾಡಿನ ಅವಮಾನ ಒಂದು ಬಟ್ಟಲಿನ ತಳದಲ್ಲಿ ಅಚ್ಚಾಗಿ ಉಳಿದಿದೆ! ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆ ಇಂಥ ವಸ್ತುಗಳಿಗೆ ನೂರು ವರ್ಷಗಳ ಗಡಿಯನ್ನು ಹಾಕಿದೆ. 1920ರ ದಶಕದ ಗೊಂಬೆ ಈಗ ತಾನೇ ಆ ಹೊಸ್ತಿಲಿನ ಬಳಿ ನಿಂತಿದೆ.

ಸಂಗ್ರಾಹಕನನ್ನು ಹಳಿಯುವುದು ಸುಲಭ. ಆದರೆ ಆತನಿಲ್ಲದಿದ್ದರೆ ಗುಜರಿಯಲ್ಲಿಯೇ ಆ ಪಿಂಗಾಣಿ ಚೂರಾಗುತ್ತಿತ್ತು ಎಂಬುದನ್ನು ಮರೆಯಲಾಗದು. ನನ್ನ ಮಟ್ಟಿಗೆ ಹೇಳುವುದಾದರೆ ಹಳಿಯುವ ಅಧಿಕಾರವೇ ಇಲ್ಲ. ತಾಯಿ ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಜಯನಗರದ ಮನೆಯನ್ನು ಹಂಚಿಕೊಂಡೆವು. ಪಾತ್ರೆಗಳಿಗೆ ಪಟ್ಟಿಯಾಯಿತು, ಗೊಂಬೆಗಳಿಗೆ ಆಗಲಿಲ್ಲ. ಎರಡು ವರ್ಷಗಳ ಬಳಿಕ ಅಂಗಡಿಯೊಂದರಲ್ಲಿ ಛತ್ರಿಯ ಹೆಣ್ಣನ್ನು ಕಂಡೆ. ನಮ್ಮದೇ ಇರಬಹುದೆ? ನಮ್ಮ ಗೊಂಬೆಯ ಛತ್ರಿಯ ಬಣ್ಣ ಯಾವುದೆಂದು ನೆನಪಾಗಲಿಲ್ಲ. ಮೂವತ್ತು ನವರಾತ್ರಿಗಳಲ್ಲಿ ಕಂಡದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಕೈಬರೆಹದ ಪ್ರತಿಗಳ ಪಾಠಾಂತರಗಳನ್ನು ಹುಡುಕುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ನಾನು ನಾಚಿ ಹೊರಬಂದೆ.

ಜಪಾನಿನ ಯಾನಗಿ ಸೋಯೆತ್ಸು ಈ ನಾಚಿಕೆಗೆ ಹಿಂದೆಯೇ ಉತ್ತರವನ್ನು ಹುಡುಕಿದ್ದ ವಿಚಾರವಂತ. ಹೆಸರಿಲ್ಲದ ಕುಶಲಕರ್ಮಿ ದಿನಬಳಕೆಗಾಗಿ ಮಾಡಿದ ವಸ್ತುವಿನಲ್ಲಿಯೂ ಸೌಂದರ್ಯವಿದೆಯೆಂದು ಆತ ಸಾರಿದ. ಅದಕ್ಕಾಗಿ 1925ರಲ್ಲಿ ‘ಮಿಂಗೇಇ’, ಅಂದರೆ ಜನಸಾಮಾನ್ಯರ ಕಲೆ, ಎಂಬ ಪದವನ್ನೇ ಸ್ನೇಹಿತರೊಡನೆ ಟಂಕಿಸಿದ. 1936ರಲ್ಲಿ ಟೋಕಿಯೋದಲ್ಲಿ ಅದರ ಸಂಗ್ರಹಾಲಯವನ್ನು ತೆರೆದ. ಕೊರಿಯದ ಪಿಂಗಾಣಿಯನ್ನು ಪ್ರೀತಿಸಿ ಸಂಗ್ರಹಿಸಿದ ಈತ, ತನ್ನದೇ ಸರಕಾರ ಸಿಯೋಲಿನ ಅರಮನೆಯ ಮಹಾದ್ವಾರವನ್ನು ಕೆಡವಹೊರಟಾಗ 1922ರಲ್ಲಿ ಅದನ್ನು ವಿರೋಧಿಸಿ ಬರೆದ. ವಸ್ತುವನ್ನು ಒಲಿದವನು ಅದನ್ನು ಹಡೆದ ನೆಲವನ್ನೂ ಒಲಿಯಬೇಕೆಂಬುದು ಆತನ ಬಾಳಿನ ಪಾಠ. ನಮ್ಮಲ್ಲಿಯೂ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬಿಡಿ ವಸ್ತುಗಳಲ್ಲಿ ತೃಪ್ತರಾಗದೆ, ಅಳಿಯಲಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು.

ಎಲ್ಲರಿಂದಲೂ ಮನೆಗಳನ್ನು ಉಳಿಸಲಾಗದು. ಬೆಳೆಯುವ ನಗರವನ್ನು ತಡೆಯುವುದು ನ್ಯಾಯವೂ ಅಲ್ಲ. ಆದರೆ ಗೊಂಬೆ ಹೋದಾಗ ಅದರೊಡನೆ ಹೋಗುವ ಮತ್ತೊಂದುಂಟು: ಯಾರು ಕೊಂಡರು, ಯಾವ ಪೇಟೆಯಲ್ಲಿ, ಯಾವ ಮಗಳು ಹುಟ್ಟಿದ ವರ್ಷ, ಯಾವ ಸಾಲಿನಲ್ಲಿ ಅದರ ಸ್ಥಾನ. ಇದನ್ನು ಯಾವ ಮುದ್ರೆಯೂ ಹೇಳದು. ಇದನ್ನು ಬಲ್ಲವರು ಇಂದು ಎಂಬತ್ತು ದಾಟಿದ ಅಜ್ಜಿಯರು.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೂ ಓದುಗ ಮಿತ್ರರಿಗೂ ಒಂದು ಸಣ್ಣ ಬಿನ್ನಹ. ಮುಂದಿನ ನವರಾತ್ರಿಯಲ್ಲಿ ಕೋಸಂಬರಿ ತಿಂದು ಎದ್ದುಬರುವ ಮೊದಲು ಒಂದು ನೋಟುಪುಸ್ತಕವನ್ನು ತೆರೆಯಿರಿ. ಒಂದೊಂದು ಗೊಂಬೆಯನ್ನೂ ತೋರಿಸಿ ಅಜ್ಜಿಯನ್ನು ಕೇಳಿರಿ. ಆಕೆ ಹೇಳಿದಂತೆಯೇ ಬರೆದುಕೊಳ್ಳಿರಿ. ಛತ್ರಿಯ ಬಣ್ಣವನ್ನು ಬರೆಯಲು ಮರೆಯದಿರಿ.