ಮೊದಲ ಸೂಜಿಯ ರಾತ್ರಿ

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡುವ ಸನ್ನಾಹದಲ್ಲಿದ್ದಾಗ ದೂರವಾಣಿ ಮೊಳಗಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದಿಂದ ನನ್ನ ಅಕ್ಕ ಮಾತನಾಡುತ್ತಿದ್ದಳು. ನಮಗೆ ಬೆಳಗಿನ ಏಳೂವರೆಯಾದರೆ ಅವಳಿಗೆ ಹಿಂದಿನ ದಿನದ ರಾತ್ರಿ ಹತ್ತು ಗಂಟೆ.

“ಇವರಿಗೆ ಸಾಯಂಕಾಲ ಮೊದಲನೆಯ ಇಂಜೆಕ್ಷನ್ ಆಯಿತು ಕಣೋ. ಈಗ ಚಳಿ ಹತ್ತಿ ನಡುಗುತ್ತಾ ಇದ್ದಾರೆ. ಜ್ವರ ನೂರ ಎರಡು. ಬೆಳಿಗ್ಗೆ ಇಷ್ಟೊಂದು ಇರಲಿಲ್ಲ. ಔಷಧ ಒಗ್ಗಲಿಲ್ಲವೋ ಏನೋ. ನಾಳೆಯದು ಬೇಡ ಅಂದುಬಿಡಲೇ?”

ಕನ್ನಡ ಎಂ.ಎ. ಮಾಡಿದವನಿಗೆ ಕೇಳತಕ್ಕ ಪ್ರಶ್ನೆ ಇದಲ್ಲ. ಆದರೆ ಭಯವಾದಾಗ ಮನುಷ್ಯರು ತಿಳಿದವರನ್ನು ಹುಡುಕುವುದಿಲ್ಲ, ತಮ್ಮವರನ್ನು ಹುಡುಕುತ್ತಾರೆ. “ಆಸ್ಪತ್ರೆಯವರು ಕೊಟ್ಟ ನಂಬರಿಗೆ ಮೊದಲು ಫೋನ್ ಮಾಡು ಅಕ್ಕಾ. ಅವರನ್ನು ಕೇಳದೆ ಏನನ್ನೂ ನಿಲ್ಲಿಸಬೇಡ” ಎಂದಷ್ಟೇ ಹೇಳಿದೆ.

ಭಾವನವರ ಕಾಯಿಲೆಯ ಹೆಸರು ಲೈಮ್. ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಅದೇ ಕನೆಕ್ಟಿಕಟ್‌ನಲ್ಲಿರುವ ಊರೊಂದರ ಹೆಸರು ಅದು. 1975ರ ಸುಮಾರಿಗೆ ಆ ಊರಿನ ಹಾಗೂ ನೆರೆಯೂರಿನ ಮಕ್ಕಳ ಮೊಣಕಾಲುಗಳು ಒಂದೇ ಸಮನೆ ಊದಿಕೊಳ್ಳತೊಡಗಿದಾಗ, ಇದು ಸಹಜವಲ್ಲವೆಂದು ಹಟ ಹಿಡಿದು ಅಧಿಕಾರಿಗಳ ಗಮನ ಸೆಳೆದವರು ತಾಯಂದಿರು. ಯೇಲ್ ವಿಶ್ವವಿದ್ಯಾನಿಲಯದ ಆಲೆನ್ ಸ್ಟೀರ್ ಅದನ್ನು ಅಭ್ಯಾಸ ಮಾಡಿದರು. 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಅವರು ಉಣ್ಣೆಯ ಹೊಟ್ಟೆಯಲ್ಲಿ ಸುರುಳಿಯಾಕಾರದ ರೋಗಾಣುವನ್ನು ಕಂಡ ಸಂಗತಿಯನ್ನು ಪ್ರಕಟಿಸಿದರು. ಆ ಅಣುವಿಗೆ ಅವರ ಹೆಸರೇ ನಿಂತಿದೆ.

ಗಸಗಸೆಯ ಕಾಳಿನಷ್ಟೇ ಇರುವ ಮರಿ ಉಣ್ಣೆ ಕಚ್ಚಿದರೆ ತಿಳಿಯುವುದೇ ಇಲ್ಲ. ತೋಟದ ಕೆಲಸದ ಹುಚ್ಚಿರುವ ಭಾವನವರ ಬೆನ್ನಿನ ಮೇಲೆ ಕೆಂಪು ಮಚ್ಚೆ ಎದ್ದಿತ್ತೋ ಇಲ್ಲವೋ, ನೋಡಿದವರಿಲ್ಲ. ಕೆಲವು ವಾರಗಳ ತರುವಾಯ ತಲೆನೋವು, ಕತ್ತು ನೋವು. ಒಂದು ಮುಂಜಾನೆ ಮುಖದ ಎಡಭಾಗ ಜೋತುಬಿದ್ದಿತ್ತು. ಲಕ್ವವೆಂದೇ ಅಕ್ಕ ಅತ್ತಳು. ರಕ್ತವನ್ನೂ ಬೆನ್ನುಹುರಿಯ ದ್ರವವನ್ನೂ ಪರೀಕ್ಷಿಸಿದ ಮೇಲೆ ನಿಜ ಹೊರಬಿದ್ದಿತು. ದಿನಕ್ಕೊಮ್ಮೆ 2 ಗ್ರಾಂ ಸೆಫ್‌ಟ್ರಿಯಾಕ್ಸೋನ್, ರಕ್ತನಾಳದ ಮೂಲಕ, 21 ದಿನ ಎಂದು ನಿರ್ಧರಿಸಿದರು.

ಉಣ್ಣೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಅಮ್ಮ, “ಅಯ್ಯೋ, ಮಂಗನ ಕಾಯಿಲೆಯೇ?” ಎಂದರು. ಮಲೆನಾಡಿನವರಿಗೆ ಆ ನೆನಪು ಸಹಜ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಆ ರೋಗವೂ ಉಣ್ಣೆಯಿಂದಲೇ ಬರುತ್ತದೆ. ಆದರೆ ಅದು ವೈರಸ್ಸಿನದು. ಆ್ಯಂಟಿಬಯಾಟಿಕ್ ಅದನ್ನು ಮುಟ್ಟಲಾರದು. ಲೈಮ್ ಬ್ಯಾಕ್ಟೀರಿಯದ ಕಾಯಿಲೆ, ಅದಕ್ಕೆ ಮದ್ದುಂಟು. ಅಮ್ಮನಿಗೆ ಇಷ್ಟು ಹೇಳಿದ ಮೇಲೆ ಅವರು ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು.

ಅರ್ಧ ಗಂಟೆಯಲ್ಲಿ ಅಕ್ಕನ ಫೋನು ಮತ್ತೆ ಬಂದಿತು. ಆಸ್ಪತ್ರೆಯ ನರ್ಸು ಮೂರು ಪ್ರಶ್ನೆ ಕೇಳಿದಳಂತೆ: ಮೈಮೇಲೆ ದದ್ದು ಎದ್ದಿದೆಯೇ? ತುಟಿ, ನಾಲಗೆ ಊದಿದೆಯೇ? ಉಸಿರಾಟಕ್ಕೆ ತೊಂದರೆಯೇ? ಮೂರಕ್ಕೂ ಇಲ್ಲವೆಂದಾಗ ವೈದ್ಯರನ್ನು ವಿಚಾರಿಸಿ, ಜ್ವರದ ಮಾತ್ರೆ ಕೊಡಿ, ಧಾರಾಳವಾಗಿ ನೀರು ಕುಡಿಸಿ, ನಾಳೆಯ ಔಷಧ ತಪ್ಪಿಸಬೇಡಿ ಎಂದು ತಿಳಿಸಿದಳು. ಮೂರರಲ್ಲಿ ಒಂದಾದರೂ ಇದ್ದಿದ್ದರೆ ಅದು ಅಲರ್ಜಿಯ ಸೂಚನೆ. ಆಗ ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು.

ಹಾಗಾದರೆ ಆ ನಡುಕವೇಕೆ? ಸಂಜೆ ನಮ್ಮ ಬೀದಿಯ ವೈದ್ಯರು ವಿವರಿಸಿದರು. ಸುರುಳಿಯಾಕಾರದ ರೋಗಾಣುಗಳು ಔಷಧದ ಮೊದಲ ಪೆಟ್ಟಿಗೆ ಗುಂಪುಗುಂಪಾಗಿ ಸತ್ತು ಒಡೆದಾಗ ಅವುಗಳ ಅವಶೇಷಗಳು ರಕ್ತದಲ್ಲಿ ಸೇರಿ ದೇಹವನ್ನು ಕೆರಳಿಸುತ್ತವೆ. ಆದುದರಿಂದ ಕೆಲವರಿಗೆ ಮೊದಲ ದಿನ ಚಳಿ, ಜ್ವರ, ಮೈಕೈ ನೋವು ಹೆಚ್ಚುತ್ತವೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತವೆ. 1895ರಲ್ಲಿ ಆಸ್ಟ್ರಿಯದ ಯಾರಿಷ್, 1902ರಲ್ಲಿ ಜರ್ಮನಿಯ ಹೆರ್ಕ್ಸ್‌ಹೈಮರ್ ಸಿಫಿಲಿಸ್ ರೋಗಿಗಳಲ್ಲಿ ಇದನ್ನು ಕಂಡು ಬರೆದರು. ಇಬ್ಬರ ಹೆಸರೂ ಈ ಪ್ರತಿಕ್ರಿಯೆಗೆ ಅಂಟಿಕೊಂಡಿದೆ. ಶತ್ರುವಿನ ಕೋಟೆ ಉರುಳುವಾಗ ಧೂಳು ಏಳುವುದಿಲ್ಲವೇ, ಹಾಗೆ.

ಮರುದಿನ ಸಂಜೆಗೆ ಜ್ವರ ಇಳಿದಿತ್ತು. ಮೇಲ್ತೋಳಿನಲ್ಲಿ ಸಪೂರವಾದ ನಳಿಗೆಯೊಂದನ್ನು ಇರಿಸಿ ಮನೆಯಲ್ಲಿಯೇ ಔಷಧ ಕೊಡುವ ವ್ಯವಸ್ಥೆಯಾಯಿತು. ಸ್ನಾನದ ವೇಳೆ ಅದು ನೆನೆಯದಂತೆ ಪ್ಲಾಸ್ಟಿಕ್ ಸುತ್ತುವುದು, ಆ ಜಾಗ ಕೆಂಪಾಗಿ ಊದಿದರೆ, ಕೀವು ಕಂಡರೆ, ಅಥವಾ ನಡುವೆ ಹೊಸದಾಗಿ ಜ್ವರ ಬಂದರೆ ಆಗಲೇ ತಿಳಿಸುವುದು, ಇವು ಅಕ್ಕನ ಪಾಲಿನ ವ್ರತಗಳಾದವು. ಹೊಟ್ಟೆ ಸ್ವಲ್ಪ ಸಡಿಲವಾಗುವುದುಂಟು. ಆದರೆ ನೀರಿನಂತೆ ಪದೇ ಪದೇ ಭೇದಿಯಾದರೆ ಅಲಕ್ಷಿಸಬಾರದು, ಔಷಧ ಮುಗಿದು ಕೆಲವು ವಾರಗಳಾಗಿದ್ದರೂ ಕೂಡ. ಈ ಔಷಧದಿಂದ ಪಿತ್ತಕೋಶದಲ್ಲಿ ಗಸಿ ಕಟ್ಟುವ ಸಂಭವವಿರುವುದರಿಂದ ಬಲಪಕ್ಕೆಯ ಕೆಳಗೆ ನೋವು ಬಂದರೂ ಹೇಳಬೇಕು. ಮುಚ್ಚಲಾರದ ಎಡಗಣ್ಣು ಒಣಗದಂತೆ ಹನಿ ಹಾಕಿ, ರಾತ್ರಿ ಪಟ್ಟಿ ಕಟ್ಟುತ್ತಿದ್ದಳು.

ಇಪ್ಪತ್ತೊಂದನೆಯ ದಿನ ನಳಿಗೆ ತೆಗೆದರು. ಆದರೆ ಮುಖ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ, ಆಯಾಸವೂ ಹೋಗಿರಲಿಲ್ಲ. ಪರಿಚಿತರೊಬ್ಬರು ಇನ್ನೂ ಮೂರು ತಿಂಗಳು ಇಂಜೆಕ್ಷನ್ ಹಾಕಿಸಿಕೊಳ್ಳಿರೆಂದು ಬುದ್ಧಿ ಹೇಳಿದರು. ಅಕ್ಕನ ಮನಸ್ಸು ಪುನಃ ತೂಗಾಡಿತು. ಒಂದು ದಿನ ನಿಲ್ಲಿಸಬೇಕೆಂದವಳು ಈಗ ನಿಲ್ಲಿಸಬಾರದೆನ್ನುತ್ತಿದ್ದಳು. ವೈದ್ಯರು ಒಪ್ಪಲಿಲ್ಲ. ಅಮೆರಿಕದಲ್ಲಿ ನಡೆದು 2001ರಲ್ಲಿಯೂ, ನೆದರ್ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿಯೂ ಪ್ರಕಟವಾದ ಪರೀಕ್ಷೆಗಳಲ್ಲಿ, ಚಿಕಿತ್ಸೆಯ ನಂತರವೂ ಉಳಿಯುವ ಬಳಲಿಕೆ, ನೋವುಗಳಿಗೆ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟುದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ರೋಗಾಣು ಸಾಯಲು ವಾರಗಳು ಸಾಕು. ನೊಂದ ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಆ ವರ್ಷದ ದೀಪಾವಳಿಗೆ ಅಕ್ಕ ಭಾವನವರ ಭಾವಚಿತ್ರವೊಂದನ್ನು ಕಳುಹಿಸಿದಳು. ನಗು ಎರಡೂ ಕಡೆಗೆ ಸಮವಾಗಿ ಹರಡಿತ್ತು. ಅಮ್ಮ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

ಆಸ್ಪತ್ರೆಯವರು ಕೈಗಿತ್ತ ಕಾಗದಗಳಲ್ಲಿ ಆ ಮೊದಲ ರಾತ್ರಿಯ ನಡುಕದ ವಿಚಾರ ಬರೆದಿತ್ತಂತೆ. ಅಳುವ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಯಾವುದೇ ಔಷಧ ಆರಂಭಿಸುವ ಮುನ್ನ ವೈದ್ಯರನ್ನು ಎರಡು ಮಾತು ಕೇಳಿಟ್ಟುಕೊಳ್ಳೋಣ: ಏನಾದರೆ ಸಹಿಸಬೇಕು? ಏನಾದರೆ ಓಡಿಬರಬೇಕು? ಈ ಎರಡು ಉತ್ತರಗಳು ತಿಳಿದಿದ್ದಲ್ಲಿ ನಮ್ಮ ಅಕ್ಕನಿಗೆ ಆ ರಾತ್ರಿ ಅಷ್ಟು ದೀರ್ಘವಾಗುತ್ತಿರಲಿಲ್ಲ.